ಸೇಶೆಲ್ಸ್‌ನ ಮಡಿವಾಳ ಹಕ್ಕಿಗೆ ಬಂದ ಗತಿ ನಮ್ಮ ಹಿತ್ತಲಿನದಕ್ಕೂ ಬರುತ್ತದೆಯೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ. ಹಿತ್ತಲಲ್ಲಿ ಎಷ್ಟೋ ವರ್ಷದಿಂದ ಒಂದು ಜೊತೆ ಮಡಿವಾಳ ಹಕ್ಕಿ ಇವೆ. ಬಚ್ಚಲಮನೆ ಗೋಡೆಯ ತೂತಿನಲ್ಲಿ ಗೂಡು ಮಾಡುತ್ತವೆ. ಮಗ ಸೇಶೆಲ್ಸ್‌ನ ಒಂದು ಸಣ್ಣ ದ್ವೀಪದ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯ ಮಡಿವಾಳದ ಫೋಟೋ ಕಳಿಸಿದ್ದ. ಮೈಯೆಲ್ಲ ಕಪ್ಪು, ರೆಕ್ಕೆಯಲ್ಲಷ್ಟೇ ಬಿಳಿ, ಕಾಲಿಗೆ ಬಣ್ಣಬಣ್ಣದ ಉಂಗುರ. ಒಂದು ಕಾಲಕ್ಕೆ ಇಡೀ ಜಗತ್ತಿನಲ್ಲಿ ಹದಿನೈದು ಉಳಿದಿದ್ದವಂತೆ. ಅವನ್ನು ಉಳಿಸಲು ನಮ್ಮ ದೇಶದ ಗೊರವಂಕಗಳನ್ನು ಹಿಡಿದು ಕೊಲ್ಲುತ್ತಾರಂತೆ. ಇದು ನ್ಯಾಯವೇ? ಕಡಿಮೆಯಿದ್ದರೆ ಪಂಜರದಲ್ಲಿ ಮರಿ ಮಾಡಿಸಬಹುದಿತ್ತು, ಇಲ್ಲವೇ ನಮ್ಮಲ್ಲಿಂದ ನಾಲ್ಕು ಜೊತೆ ಒಯ್ದು ಬಿಡಬಹುದಿತ್ತಲ್ಲ? ನಮ್ಮ ಹಿತ್ತಲಿನವಕ್ಕೂ ಹೀಗೇ ಆದೀತೇ? ಈಚೆಗೆ ತೋಟಕ್ಕೆ ಕಳೆನಾಶಕ ಹೊಡೆಯುತ್ತಿದ್ದೇವೆ, ಇಲಿ ಕಾಟಕ್ಕೆ ಪಾಷಾಣದ ಬಿಲ್ಲೆ ಇಡುತ್ತೇವೆ. ಹಕ್ಕಿಗೆ ಅನುಕೂಲವಾಗಲೆಂದು ಹತ್ತು ಮರದ ಗೂಡುಪೆಟ್ಟಿಗೆ ಮಾಡಿಸಿ ತೋಟದಲ್ಲೆಲ್ಲ ಕಟ್ಟಬೇಕೆಂದಿದ್ದೇನೆ. ಮುಂದಿನ ಬೇಸಿಗೆಗೆ ನಾವಿಬ್ಬರೂ ಮಗನಲ್ಲಿಗೆ ಹೋಗುವವರು. ಒಯ್ಯಬಾರದ್ದು ಏನಾದರೂ ಇದ್ದರೆ ತಿಳಿಸಿ.

ಉತ್ತರ: ನಿಮ್ಮ ಹಿತ್ತಲಿನ ಮಡಿವಾಳಕ್ಕೆ ಆ ಗತಿ ಬರುವ ಸಂಭವ ಸದ್ಯಕ್ಕಿಲ್ಲ. ಭಾರತದ ಉದ್ದಗಲಕ್ಕೂ, ಅದರಾಚೆ ಆಗ್ನೇಯ ಏಷ್ಯಾದವರೆಗೂ ಇರುವ ಹಕ್ಕಿ ಅದು. ಒಂದು ಊರಿನಲ್ಲಿ ಕಡಿಮೆಯಾದರೆ ಪಕ್ಕದೂರಿನಿಂದ ಬಂದು ಜಾಗ ತುಂಬುತ್ತದೆ. ದ್ವೀಪದ ಹಕ್ಕಿಗೆ ಪಕ್ಕದೂರು ಇರುವುದಿಲ್ಲ. ಆದರೂ ನಿಮ್ಮ ಪತ್ರದಲ್ಲಿ ನೀವು ಗೂಡುಪೆಟ್ಟಿಗೆಗೆ ಕೊಟ್ಟ ಮಹತ್ವವನ್ನು ಕಳೆನಾಶಕಕ್ಕೂ ಪಾಷಾಣಕ್ಕೂ ಕೊಟ್ಟಿಲ್ಲ ಎನ್ನುವುದು ನನ್ನ ಗಮನಕ್ಕೆ ಬಂತು. ಸೇಶೆಲ್ಸ್‌ನವರು ದುಬಾರಿ ಬೆಲೆ ತೆತ್ತು ಕಲಿತ ಪಾಠ ಅದರ ತಿರುವುಮುರುವು. ಮಡಿವಾಳ ಉಳಿಯುವುದು, ಅಳಿಯುವುದು ಮುಖ್ಯವಾಗಿ ನೆಲದ ಮೇಲೆ ನಿರ್ಧಾರವಾಗುತ್ತದೆ. ಗೂಡಿನ ಪ್ರಶ್ನೆ ಆಮೇಲಿನದು.

ಮೊದಲು ಅಲ್ಲಿಯ ಹಕ್ಕಿ ಯಾವುದೆಂದು ನೋಡೋಣ. ನಮ್ಮದು ಕೊಪ್ಸಿಕಸ್ ಸಾಲಾರಿಸ್, ಅಲ್ಲಿಯದು ಕೊಪ್ಸಿಕಸ್ ಸೆಶೆಲಾರಮ್. ಕುಲ ಒಂದೇ, ಪ್ರಭೇದ ಬೇರೆ. ಅಲ್ಲಿಯ ಕ್ರಿಯೋಲ್ ಮಾತಾಡುವ ಜನ ಅದನ್ನು ಪಿ ಸಾಂತೆಜ್ ಎನ್ನುತ್ತಾರೆ. 1865ರಲ್ಲಿ ಎಡ್ವರ್ಡ್ ನ್ಯೂಟನ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ನಮ್ಮ ಮಡಿವಾಳಕ್ಕಿಂತ ಸ್ಪಷ್ಟವಾಗಿ ದೊಡ್ಡದು, ಸುಮಾರು 25 ಸೆಂಟಿಮೀಟರ್ ಉದ್ದ. ನಮ್ಮಲ್ಲಿ ಗಂಡು ಅಚ್ಚ ಕಪ್ಪು ಬಿಳುಪು, ಹೆಣ್ಣು ಬೂದು. ಅಲ್ಲಿ ಗಂಡು ಹೆಣ್ಣು ಎರಡೂ ನೀಲಿ ಹೊಳಪಿನ ಕಪ್ಪು, ಹೊಟ್ಟೆಯೂ ಕಪ್ಪು. ಹೀಗಾಗಿ ಉಂಗುರವಿಲ್ಲದೆ ಯಾವುದು ಯಾವುದೆಂದು ದೂರದಿಂದ ಹೇಳುವುದು ಕಷ್ಟ.

ಬಣ್ಣಕ್ಕಿಂತ ಮುಖ್ಯವಾದ ವ್ಯತ್ಯಾಸ ಮೊಟ್ಟೆಯಲ್ಲಿದೆ. ನಿಮ್ಮ ಬಚ್ಚಲ ಗೋಡೆಯ ಜೊತೆ ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ, ಅನುಕೂಲವಿದ್ದರೆ ಅದೇ ಬೇಸಿಗೆಯಲ್ಲಿ ಇನ್ನೊಂದು ಸರದಿಯನ್ನೂ ಹಿಡಿಯುತ್ತದೆ. ಸೇಶೆಲ್ಸ್‌ನ ಹಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಮರಿ ಹಾರಿದ ಮೇಲೂ ತಿಂಗಳುಗಟ್ಟಲೆ ತಾಯಿತಂದೆಯ ಹಿಂದೆ ಬಾಯಿ ತೆರೆದುಕೊಂಡು ಅಲೆಯುತ್ತದೆ. ನಮ್ಮಲ್ಲಿ ಬೆಕ್ಕು ಒಂದು ಗೂಡು ಹಾಳು ಮಾಡಿದರೆ ಆ ಜೊತೆ ಅದೇ ವರ್ಷದಲ್ಲಿ ನಷ್ಟ ತುಂಬಿಕೊಂಡೀತು. ಅಲ್ಲಿ ಒಂದು ದೊಡ್ಡ ಹಕ್ಕಿ ಸತ್ತರೆ ಆ ಜಾಗ ತುಂಬಲು ಎಷ್ಟೋ ಗೂಡು ಗೆಲ್ಲಬೇಕು. ಹಾವು, ಮುಂಗುಸಿ, ಕೆಂಬೂತ, ಬೆಕ್ಕುಗಳ ನಡುವೆ ಬೆಳೆದ ನಮ್ಮ ಹಕ್ಕಿಗೆ ಹೆಚ್ಚು ಮೊಟ್ಟೆ ಇಟ್ಟು ಹೆಚ್ಚು ಕಳೆದುಕೊಳ್ಳುವುದೇ ಬದುಕು. ಬಾವಲಿ ಬಿಟ್ಟರೆ ಸಸ್ತನಿಗಳೇ ಇಲ್ಲದ ದ್ವೀಪದಲ್ಲಿ ಕಡಿಮೆ ಹೆತ್ತು ಬಹಳ ವರ್ಷ ಬದುಕುವುದು ಲಾಭದ ವ್ಯವಹಾರವಾಗಿತ್ತು, ಬೆಕ್ಕು ಬರುವ ತನಕ.

ಆ ಹಕ್ಕಿ ದುರ್ಬಲ, ಒಳಸಂಬಂಧದಿಂದ ಕ್ಷೀಣಿಸಿತು ಎಂದು ಅನೇಕರು ತಿಳಿದಿರುವುದು ಕಾರಣ ಮತ್ತು ಪರಿಣಾಮವನ್ನು ಅದಲು ಬದಲು ಮಾಡಿದ ಮಾತು. ಸಂಖ್ಯೆ ಕುಸಿದದ್ದರಿಂದ ಒಳಸಂಬಂಧ ಬಂತು. ಇಂದು ಇರುವ ಎಲ್ಲ ಹಕ್ಕಿಗಳೂ ಒಂದೇ ದ್ವೀಪದಲ್ಲಿ ಉಳಿದಿದ್ದ ಹಿಡಿಯಷ್ಟರ ಸಂತತಿ, ಅವುಗಳ ಆನುವಂಶಿಕ ವೈವಿಧ್ಯ ತೀರಾ ಕಡಿಮೆ. ಹೊಸ ರೋಗ ಬಂದರೆ ಅದು ತೊಂದರೆಯೇ. ಆದರೆ ಹಕ್ಕಿಯನ್ನು ಅಂಚಿಗೆ ತಳ್ಳಿದ್ದು ಅದಲ್ಲ.

ತಳ್ಳಿದ್ದು ಏನು? 1770ರಲ್ಲಿ ಫ್ರೆಂಚರು ನೆಲೆಸುವ ಮೊದಲು ಸೇಶೆಲ್ಸ್‌ನಲ್ಲಿ ಜನವಸತಿ ಇರಲಿಲ್ಲ. ಆಮೇಲೆ ಮರ ಕಡಿದರು, ತೆಂಗು ಹಾಕಿದರು, ದಾಲ್ಚಿನ್ನಿ ಹಾಕಿದರು. ಹಡಗಿನ ಜೊತೆ ಇಲಿ ಬಂತು, ಇಲಿ ಹಿಡಿಯಲೆಂದು ಬೆಕ್ಕು ಬಂತು. ಮಾಹೆ, ಪ್ರಲಿನ್, ಲಾ ಡೀಗ್, ಅರೀದ್ ಮೊದಲಾದ ದ್ವೀಪಗಳಲ್ಲಿದ್ದ ಹಕ್ಕಿ ಒಂದೊಂದೇ ಕಡೆ ಇಲ್ಲವಾಯಿತು. 1965ರ ಹೊತ್ತಿಗೆ ಉಳಿದದ್ದು ಫ್ರೆಗೇಟ್ ಎಂಬ ಎರಡು ಚದರ ಕಿಲೋಮೀಟರ್ ಆಸುಪಾಸಿನ ದ್ವೀಪದಲ್ಲಿ ಮಾತ್ರ, ಹನ್ನೆರಡರಿಂದ ಹದಿನೈದು. ನಿಮ್ಮ ಮಗ ಹೇಳಿದ ಸಂಖ್ಯೆ ಸರಿಯಾಗಿದೆ.

ಇಲ್ಲೊಂದು ವಿಚಾರ ಮಾಡುವ ಸಂಗತಿಯಿದೆ. 1980ರ ದಶಕದ ಆರಂಭದಲ್ಲಿ ಫ್ರೆಗೇಟ್‌ನಲ್ಲಿ ಕಾಡು ಸೇರಿದ್ದ ಬೆಕ್ಕುಗಳನ್ನು ಪೂರ್ತಿ ನಿರ್ಮೂಲ ಮಾಡಿದರು. ಆಗ ಅಲ್ಲಿ ಇಲಿಯೂ ಇರಲಿಲ್ಲ. ಶತ್ರು ಹೋದ ಮೇಲೆ ಹಕ್ಕಿ ಹೆಚ್ಚಬೇಕಿತ್ತು. ಆದರೆ ದಶಕ ಮುಗಿಯುವಾಗಲೂ ಇಪ್ಪತ್ತರ ಮೇಲೆ ಎರಡೋ ಮೂರೋ ಅಷ್ಟೇ. ಬೆಕ್ಕು ಹೋಗಿತ್ತು, ಊಟ ಬಂದಿರಲಿಲ್ಲ.

ಈ ಹಕ್ಕಿ ಉಣ್ಣುವ ರೀತಿಯನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ತಗ್ಗಿನ ಕೊಂಬೆಯಲ್ಲಿ ಕೂತು ಕತ್ತು ಓರೆ ಮಾಡಿ ನೆಲ ನೋಡುತ್ತದೆ. ತರಗೆಲೆ ಅಲುಗಿತೋ, ಇಳಿದು ಎರಡು ಕುಪ್ಪಳ ಹಾಕಿ ಕೊಕ್ಕಿನಿಂದ ಎಲೆ ಮಗುಚಿ ಹಾಕಿ ಅಡಿಯಲ್ಲಿದ್ದ ಹುಳ, ಜಿರಳೆ, ಶತಪದಿ, ಮರಿಹಲ್ಲಿಗಳನ್ನು ಎತ್ತಿಕೊಳ್ಳುತ್ತದೆ. ದೈತ್ಯ ಆಮೆ ತರಗೆಲೆ ಮೇಲೆ ನಡೆದುಹೋದರೆ ಹಿಂದೆಯೇ ಹೋಗುತ್ತದೆ, ಏಕೆಂದರೆ ಆಮೆಯ ಕಾಲಿಗೆ ಸಿಕ್ಕಿ ಎಲೆಯಡಿಯ ಹುಳ ಹೊರಬೀಳುತ್ತವೆ. ಕುಂಟೆ ಹಿಡಿದು ಎಲೆ ಎಳೆಯುವ ಮನುಷ್ಯನ ಕಾಲಬುಡದಲ್ಲೂ ಬಂದು ನಿಲ್ಲುವಷ್ಟು ಸಲಿಗೆ. ಕಡಲಹಕ್ಕಿ ಇರುವ ದ್ವೀಪದಲ್ಲಿ ಅವು ಮರದಿಂದ ಬೀಳಿಸುವ ಮೀನೂ ಆದೀತು. ಒಟ್ಟಿನಲ್ಲಿ ಅದರ ಅಡಿಗೆಮನೆ ದಪ್ಪ ತರಗೆಲೆಯ, ನೆರಳಿನ, ಕೆಳಪೊದೆ ಹೆಚ್ಚಿಲ್ಲದ ತೇವದ ನೆಲ. ತೆಂಗಿನ ತೋಪಿನ ನೆಲದಲ್ಲಿ ಹೆಡೆ ಬಿದ್ದಿರುತ್ತದೆಯೇ ಹೊರತು ಕೊಳೆತು ಮಣ್ಣಾಗುವ ಅಗಲ ಎಲೆಯ ಹಾಸು ಇರುವುದಿಲ್ಲ. ಅಂಥ ನೆಲದಲ್ಲಿ ಒಂದು ಜೊತೆಗೆ ಸಾಕಾಗುವ ಹುಳ ಸಿಗಬೇಕಾದರೆ ದೊಡ್ಡ ಜಾಗ ಬೇಕು. ಚಿಕ್ಕ ದ್ವೀಪದಲ್ಲಿ ಜಾಗ ಎಲ್ಲಿಂದ ಬರಬೇಕು?

1990ರಲ್ಲಿ ಆಗಿನ ಅಂತರರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ, ಅಂದರೆ ಇಂದಿನ ಬರ್ಡ್‌ಲೈಫ್, ಪುನಶ್ಚೇತನದ ಕೆಲಸ ಶುರು ಮಾಡಿತು. ಪ್ರತಿ ಹಕ್ಕಿಗೂ ಬಣ್ಣದ ಉಂಗುರ ತೊಡಿಸಿ ಒಂದೊಂದರ ಲೆಕ್ಕ ಇಟ್ಟರು. ಜಿರಳೆಯಂಥ ಮೇವು ಕೊಟ್ಟರು. ತೆಂಗಿನ ಸುಳಿಯಲ್ಲಿ ಕಟ್ಟುವ ಗೂಡು ಗಾಳಿಮಳೆಗೆ, ಗೊರವಂಕಕ್ಕೆ ಸುಲಭವಾಗಿ ತುತ್ತಾಗುತ್ತಿತ್ತು. ಅದಕ್ಕೆ ಗೂಡುಪೆಟ್ಟಿಗೆ ಕಟ್ಟಿದರು. ತೋಪುಗಳ ಜಾಗದಲ್ಲಿ ಅಗಲ ಎಲೆಯ ಸ್ಥಳೀಯ ಮರ ಬೆಳೆಸಿದರು. ಮನೆಗಳಲ್ಲಿ ಕೀಟನಾಶಕ ಸಿಂಪಡಿಸುವುದನ್ನು ಹಿಡಿತಕ್ಕೆ ತಂದರು, ಏಕೆಂದರೆ ವಿಷ ತಾಗಿ ಒದ್ದಾಡುತ್ತ ಅಂಗಳಕ್ಕೆ ಬರುವ ಜಿರಳೆ ಈ ಹಕ್ಕಿಗೆ ಅತ್ಯಂತ ಸುಲಭದ ಬೇಟೆ. ಇವೆಲ್ಲ ಒಟ್ಟಿಗೆ ನಡೆದ ಮೇಲೆ ಸಂಖ್ಯೆ ಏರಿತು. 1994-95ರಲ್ಲಿ ಕೆಲವನ್ನು ಕೂಸಾಂ ಮತ್ತು ಕೂಸೀನ್ ಎಂಬ ಪುಟ್ಟ ದ್ವೀಪಗಳಿಗೆ ಒಯ್ದು ಬಿಟ್ಟರು. ಅರೀದ್‌ನಲ್ಲಿ ಹಲವು ಪ್ರಯತ್ನ ಸೋತ ಮೇಲೆ 2002ರಲ್ಲಿ ಕೈಹಿಡಿಯಿತು. 2008ರಲ್ಲಿ ಡೆನಿಸ್ ದ್ವೀಪ. ಒಂದು ದ್ವೀಪದ ಹಕ್ಕಿ ಹೀಗೆ ಐದಾಯಿತು. 2005ರಲ್ಲಿ ಅದನ್ನು ಅತಿ ಗಂಭೀರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿ, ಅಳಿವಿನಂಚಿನ ಪ್ರಭೇದವೆಂದು ಗುರುತಿಸಿದರು. ಈಗ ಎಲ್ಲ ಸೇರಿ ಕೆಲವು ನೂರು.

ಆದರೂ ನೆಲ ಕೈಕೊಡುವುದು ನಿಂತಿಲ್ಲ. ಫ್ರೆಗೇಟ್‌ನಲ್ಲಿ ಒಳ್ಳೆಯ ತರಗೆಲೆ ಕೊಡುತ್ತಿದ್ದ ಮರಗಳಲ್ಲಿ ನಮ್ಮ ಹೊನ್ನೆಯ ಕುಲದ್ದೊಂದು ಮುಖ್ಯವಾಗಿತ್ತು. ಅದು ಸ್ಥಳೀಯ ಮರವಲ್ಲ, ಹೊರಗಿನಿಂದ ತಂದದ್ದು. ಈ ಶತಮಾನದ ಮೊದಲ ವರ್ಷಗಳಲ್ಲಿ ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗ ತಗುಲಿ ಅವು ಸಾಲುಸಾಲಾಗಿ ಒಣಗಿದವು. ಮರ ಹೋದರೆ ನೆರಳು ಹೋಯಿತು, ನೆಲ ಒಣಗಿತು, ಹುಳ ಕೆಳಗಿಳಿದವು. ಒಂದೇ ಜಾತಿಯ ಮರವನ್ನು ನಂಬಿದ್ದರ ಫಲ ಅದು.

ಈಗ ನಿಮ್ಮ ಸಲಹೆಗಳಿಗೆ ಬರುತ್ತೇನೆ. ಪಂಜರದಲ್ಲಿ ಮರಿ ಮಾಡಿಸುವುದು ಕೇಳಲು ಸರಳ. ಆದರೆ ಇಪ್ಪತ್ತೇ ಹಕ್ಕಿ ಇರುವಾಗ ಮೊದಲ ಹೆಜ್ಜೆಯಾಗಿ ಆರೋ ಎಂಟೋ ಹಿಡಿಯಬೇಕು, ಅಂದರೆ ಕಾಡಿನಲ್ಲಿ ಮರಿ ಮಾಡುತ್ತಿರುವ ಮೂರು ನಾಲ್ಕು ಜೊತೆಯನ್ನೇ ಒಡೆಯಬೇಕು. ಇವು ತಮ್ಮ ಹದ್ದಿಗಾಗಿ, ಅಂದರೆ ತಾವು ಹಿಡಿದ ಗಡಿಯೊಳಗಿನ ಜಾಗಕ್ಕಾಗಿ, ಕಾದಾಡುವ ಹಕ್ಕಿ. ಒಂದೇ ಪಂಜರದಲ್ಲಿ ಹೊಂದದ ಜೊತೆ ಹಾಕಿದರೆ ಒಂದು ಇನ್ನೊಂದನ್ನು ಕೊಂದೀತು. ಸೆರೆಯಲ್ಲಿರುವ ಕಾಡುಹಕ್ಕಿಗೆ ಶ್ವಾಸಕೋಶದ ಬೂಸುರೋಗದ ಭಯ ಯಾವಾಗಲೂ ಇದ್ದದ್ದೇ. ಇಷ್ಟೆಲ್ಲ ದಾಟಿ ಮರಿಯಾದರೂ ಸಲಕ್ಕೆ ಒಂದು. ಕೊನೆಗೆ ಬಿಡುವುದೆಲ್ಲಿಗೆ? ಊಟವಿಲ್ಲದ ಅದೇ ನೆಲಕ್ಕೆ. ಅದಕ್ಕಾಗಿ ಇಲ್ಲಿ ಆರಿಸಿಕೊಂಡದ್ದು ಸ್ಥಳಾಂತರ. ಹದ್ದು ಹಿಡಿದ ಹಿರಿಯ ಜೊತೆಗಳನ್ನು ಮುಟ್ಟದೆ, ಜಾಗ ಸಿಗದೆ ಅಪ್ಪಅಮ್ಮನ ಹದ್ದಿನಲ್ಲೇ ಅಂಡಲೆಯುವ ಎಳೆಯ ಹಕ್ಕಿಗಳನ್ನು ಒಯ್ಯುವುದು ಇದರ ಮರ್ಮ. ಅವು ಹೋದರೆ ಮೂಲ ದ್ವೀಪಕ್ಕೆ ಹೆಚ್ಚು ನಷ್ಟವಿಲ್ಲ. ಅಪಾಯವೆಂದರೆ ಹೊಸ ದ್ವೀಪದಲ್ಲಿ ಗಂಡು ಹೆಣ್ಣಿನ ಲೆಕ್ಕ ತಪ್ಪುವುದು, ಬಿಟ್ಟ ಕೆಲವೇ ದಿನಗಳಲ್ಲಿ ಮೇವು ಸಿಗದೆ ಸೊರಗುವುದು. ಬಿಟ್ಟ ಮೇಲೆ ಕೆಲಕಾಲ ಮೇವು ಕೊಟ್ಟು ಕಾಯುವುದು ಅದಕ್ಕೇ. ಪಂಜರದ ದಾರಿ ಎಲ್ಲ ಕಡೆಗೂ ತಪ್ಪೆಂದು ನಾನು ಹೇಳುತ್ತಿಲ್ಲ. ಒಂದು ಸಲಕ್ಕೆ ಬಹಳ ಮೊಟ್ಟೆ ಇಡುವ, ಸೆರೆಗೆ ಒಗ್ಗುವ ಪ್ರಭೇದದಲ್ಲಿ ಅದಕ್ಕೂ ಅರ್ಥವಿದೆ.

ನಮ್ಮ ಮಡಿವಾಳವನ್ನು ಒಯ್ಯುವ ಮಾತು ಮಾತ್ರ ಕೈಬಿಡಿ. ಅವೆರಡೂ ಬೇರೆ ಪ್ರಭೇದ. ಕೂಡದಿದ್ದರೆ ನಮ್ಮದು ಅಲ್ಲಿಯ ಹಕ್ಕಿಯ ಊಟಕ್ಕೂ ಹದ್ದಿಗೂ ಪೈಪೋಟಿ. ನಾಲ್ಕೈದು ಮೊಟ್ಟೆ ಇಡುವುದು ಒಂದು ಮೊಟ್ಟೆ ಇಡುವುದನ್ನು ಮೂಲೆಗೆ ಒತ್ತಲು ಬಹಳ ಕಾಲ ಬೇಡ. ಕೂಡಿದರೆ ಕೆಲವು ತಲೆಮಾರಿನಲ್ಲಿ ಸೇಶೆಲ್ಸ್‌ನ ಹಕ್ಕಿ ಎಂಬುದೇ ಉಳಿಯುವುದಿಲ್ಲ. ಜೊತೆಗೆ ನಮ್ಮ ಹಕ್ಕಿಯ ಮೈಯಲ್ಲಿರುವ ಪರಾವಲಂಬಿಗಳು ಅಲ್ಲಿಗೆ ಹೊಸವು. ನಮ್ಮ ಮಡಿವಾಳವನ್ನು ಹಿಡಿಯುವುದು, ಸಾಕುವುದು ಇಲ್ಲಿಯ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಅಪರಾಧ.

ಗೊರವಂಕದ ವಿಷಯ. ಅದನ್ನು ಆ ದ್ವೀಪಗಳಿಗೆ ಒಯ್ದದ್ದು ಮನುಷ್ಯ, ಹಾರಿ ಹೋದದ್ದಲ್ಲ. ಪ್ರಪಂಚದ ನೂರು ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಮೂರೇ ಮೂರು ಹಕ್ಕಿಗಳಿವೆ. ಅವುಗಳಲ್ಲಿ ಎರಡು, ಗೊರವಂಕ ಮತ್ತು ಕೆಂಪು ಬಾಲಬುಡದ ಪಿಕಳಾರ, ನಿಮ್ಮ ಹಿತ್ತಲಲ್ಲೇ ಇವೆ. ಇಲ್ಲಿ ಅವುಗಳಿಂದ ಏನೂ ಕೆಡುಕಿಲ್ಲ, ಇಲ್ಲಿಯ ಹಕ್ಕಿಗಳು ಅವುಗಳ ಜೊತೆಗೇ ಬೆಳೆದವು. ಸಣ್ಣ ದ್ವೀಪದಲ್ಲಿ ಗೊರವಂಕ ಗೂಡಿನ ತೂತಿಗೆ ಜಗಳ ತೆಗೆಯುತ್ತದೆ, ಮೊಟ್ಟೆ ಮರಿಗೆ ಕೈ ಹಾಕುತ್ತದೆ. ಡೆನಿಸ್‌ನಲ್ಲಿ ಅವು ಕುಕ್ಕಿ ಸ್ಥಳೀಯ ಹಕ್ಕಿಗಳ ತಲೆಗೆ ಗಾಯವಾದದ್ದು ದಾಖಲಾಗಿದೆ. 2010ರಿಂದ 2015ರವರೆಗೆ ಆ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ಗೊರವಂಕ ತೆಗೆದರು, ಆಮೇಲೆ ಅಲ್ಲಿ ಅವು ಉಳಿಯಲಿಲ್ಲ.

ಐದು ವರ್ಷ ಏಕೆ ಬೇಕಾಯಿತು ಎಂಬುದರಲ್ಲಿ ಆ ಹಕ್ಕಿಯ ಬುದ್ಧಿ ಕಾಣುತ್ತದೆ. ದೀಪಕವಾಗಿ, ಅಂದರೆ ಬೇರೆಯವನ್ನು ಸೆಳೆಯಲು, ಜೀವಂತ ಗೊರವಂಕವೊಂದನ್ನು ಒಳಗಿಟ್ಟ ಬಲೆಪಂಜರ ಅತ್ಯಂತ ಫಲಕಾರಿ. ಹಾಗಿದ್ದೂ ಒಂದು ಹಕ್ಕಿ ಸಿಕ್ಕಿಬಿದ್ದು ಕಿರುಚುವುದನ್ನು ಉಳಿದವು ಕಂಡರೆ ಆ ಪಂಜರದ ಹತ್ತಿರ ಮತ್ತೆ ಸುಳಿಯುವುದಿಲ್ಲ. ಹಿಡಿದದ್ದನ್ನು ಬೇರೆಯವುಗಳ ಕಣ್ಣಿಗೆ ಬೀಳದಂತೆ ತೆಗೆಯಬೇಕು, ಪಂಜರದ ಜಾಗ ಬದಲಿಸುತ್ತಿರಬೇಕು. ಕೊನೆಯ ಕೆಲವು ಯಾವ ಪಂಜರಕ್ಕೂ ಬೀಳದೆ ಗುಂಡಿನಿಂದಲೇ ಹೋಗಬೇಕಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಮಾಡಿದ್ದೆಲ್ಲ ವ್ಯರ್ಥ: ಉಳಿದವಕ್ಕೆ ಊಟ, ಗೂಡು ಹೇರಳವಾಗಿ ಸಿಕ್ಕಿ ಒಂದೆರಡು ವರ್ಷದಲ್ಲಿ ಮೊದಲಿನಷ್ಟೇ ಆಗುತ್ತವೆ. ನ್ಯಾಯವೇ ಎಂದು ಕೇಳಿದಿರಿ. ತಪ್ಪು ಗೊರವಂಕದ್ದಲ್ಲ, ಒಯ್ದವರದ್ದು. ಆದರೆ ಗೊರವಂಕಕ್ಕೆ ಇಡೀ ಏಷ್ಯಾ ಇದೆ, ಆ ಮಡಿವಾಳಕ್ಕೆ ಇರುವುದು ಐದು ತುಂಡು ನೆಲ. ಪೂರ್ತಿ ತೆಗೆಯುವ ಹಣ, ಜನ, ತಾಳ್ಮೆ ಇದ್ದರೆ ಮಾಡಬೇಕು. ಇಲ್ಲದಿದ್ದರೆ ಸುಮ್ಮನೆ ವರ್ಷವರ್ಷವೂ ಒಂದಿಷ್ಟು ಕೊಲ್ಲುವುದು ಕ್ರೌರ್ಯವಷ್ಟೇ ಎನ್ನುವುದು ನನ್ನ ಅಭಿಪ್ರಾಯ. ಗೊರವಂಕವೇ ಮುಖ್ಯ ಖಳನಾಯಕ ಎನ್ನುವುದೂ ಸರಿಯಲ್ಲ. ದೊಡ್ಡ ಕೊಲೆಗಾರರು ಬೆಕ್ಕು ಮತ್ತು ಇಲಿ.

ಇಲಿಯ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನಿಮ್ಮ ಪಾಷಾಣದ ಬಿಲ್ಲೆಗೆ ಇದು ನೇರ ಸಂಬಂಧ. 1995ರಲ್ಲಿ ಕಂದು ಇಲಿ ಫ್ರೆಗೇಟ್ ಹೊಕ್ಕಿತು. ಅಷ್ಟು ಒಂಟಿಯಾಗಿರುವ ದ್ವೀಪಕ್ಕೆ ಇಲಿ ಬರುವುದು ದೋಣಿ ಮತ್ತು ಸರಕಿನ ಜೊತೆ. ಇಲಿ ತೆಗೆಯಲು ಬಳಸುವ ಬ್ರೋಡಿಫಾಕಮ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಒಮ್ಮೆ ತಿಂದರೆ ಸಾಕು, ಕೆಲವು ದಿನ ಕಳೆದು ಇಲಿ ಒಳರಕ್ತಸ್ರಾವದಿಂದ ಸಾಯುತ್ತದೆ. ಕೀಟಗಳ ರಕ್ತ ಹಾಗೆ ಹೆಪ್ಪುಗಟ್ಟುವಂಥದ್ದಲ್ಲ, ಆದ್ದರಿಂದ ಜಿರಳೆ ಬಿಲ್ಲೆಯನ್ನು ಮೆಲ್ಲಿ ಆರಾಮಾಗಿ ಓಡಾಡುತ್ತದೆ, ಹೊಟ್ಟೆಯಲ್ಲಿ ವಿಷ ಹೊತ್ತುಕೊಂಡು. ಅದನ್ನು ತಿನ್ನುವುದು ಮಡಿವಾಳ. ಇಲಿಗಾಗಿ ಪೆಟ್ಟಿಗೆಯೊಳಗೆ ವಿಷವಿಟ್ಟರೂ ಜಿರಳೆ ಪೆಟ್ಟಿಗೆಯೊಳಗೆ ಹೋಗುತ್ತದಲ್ಲ! ಕೊನೆಗೆ 2000ದಲ್ಲಿ ಮಾಡಿದ್ದು ದೊಡ್ಡ ಕಾರ್ಯಾಚರಣೆ. ಮಡಿವಾಳಗಳನ್ನು ಹಿಡಿದು ಪಂಜರಮನೆಯಲ್ಲಿಟ್ಟು, ಹೆಲಿಕಾಪ್ಟರಿನಿಂದ ದ್ವೀಪದ ಉದ್ದಕ್ಕೂ ವಿಷ ಚೆಲ್ಲಿ, ಇಲಿ ಸತ್ತು ವಿಷದ ಅಪಾಯ ತಗ್ಗಿದ ಮೇಲೆ ಹೊರಬಿಟ್ಟರು. ಅದು ಗೆದ್ದಿತು. ಒಂದೇ ಒಂದು ಗಬ್ಬದ ಇಲಿ ಸರಕಿನ ಜೊತೆ ಇಳಿದರೆ ಮತ್ತೆ ಮೊದಲಿನಿಂದ.

ನಿಮ್ಮ ಮಗನಂಥವರ ಪಾತ್ರ ಬರುವುದು ಇಲ್ಲಿಯೇ. ಹೋಟೆಲಿರುವ ದ್ವೀಪದಲ್ಲಿ ಹಕ್ಕಿಯನ್ನು ಕಾಯುವವರು ಸಂಶೋಧಕರಿಗಿಂತ ಹೆಚ್ಚಾಗಿ ದಾಸ್ತಾನು ಕೋಣೆಯವರು. ಅಕ್ಕಿ ಮೂಟೆ, ಹಾಸಿಗೆ, ಮರದ ಸಾಮಾನು ಬಂದಾಗ ಬಾಗಿಲು ಮುಚ್ಚಿದ, ಇಲಿ ನುಗ್ಗದ ಕೋಣೆಯಲ್ಲೇ ಬಿಚ್ಚಬೇಕು. ಮುಸುರೆ ಡಬ್ಬದ ಮುಚ್ಚಳ ಸದಾ ಬಿಗಿಯಾಗಿರಬೇಕು. ಜಿರಳೆಗೆ ಸಿಂಪಡಿಸುವ ಬದಲು ಸಂದಿಯೊಳಗೆ ಜೆಲ್ ಹಚ್ಚುವುದು ವಾಸಿ, ಸತ್ತ ಜಿರಳೆಯನ್ನು ಅಂಗಳಕ್ಕೆ ಗುಡಿಸಬಾರದು. ಇಲಿಯ ಹಿಕ್ಕೆ, ಕಚ್ಚಿದ ಗುರುತು ಕಂಡರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ಅಂದೇ ಹೇಳಬೇಕು. ಹಕ್ಕಿಯ ಉಂಗುರ ನೋಡಿದರೆ ಯಾವ ಕಾಲು, ಮೇಲಿನಿಂದ ಕೆಳಗೆ ಯಾವ ಬಣ್ಣ ಎಂದು ಕ್ರಮವಾಗಿ ಬರೆದು, ಜಾಗ ಮತ್ತು ದಿನಾಂಕದ ಜೊತೆ ದ್ವೀಪದ ಸಂರಕ್ಷಣಾ ಸಿಬ್ಬಂದಿಗೆ ಕೊಡಲಿ. ಅವರಿಗೆ ಅದು ನಿಜಕ್ಕೂ ಉಪಯೋಗದ ಮಾಹಿತಿ.

ನೀವು ಹೋಗುವಾಗ ಮಣ್ಣಿರುವ ಸಸಿ, ಬೀಜ, ಹಸಿ ಹಣ್ಣು, ಕರಿಬೇವಿನ ಕಡ್ಡಿ ಯಾವುದನ್ನೂ ಒಯ್ಯಬೇಡಿ. ಗಿಡ ಮತ್ತು ಹಣ್ಣಿಗೆ ಅಲ್ಲಿ ಪರವಾನಗಿ ಬೇಕು, ತಂದದ್ದನ್ನು ವಿಮಾನನಿಲ್ದಾಣದಲ್ಲೇ ತಿಳಿಸಬೇಕು. ಒಂದು ಹಿಡಿ ಮಣ್ಣಿನಲ್ಲಿ ಇರುವೆಯ ಇಡೀ ಸಂಸಾರ ಪ್ರಯಾಣ ಮಾಡುತ್ತದೆ. ತೋಟದಲ್ಲಿ ಹಾಕಿದ ಚಪ್ಪಲಿಯನ್ನು ತೊಳೆದು ಒಣಗಿಸಿ ಒಯ್ಯಿರಿ. ಹಕ್ಕಿ ನೋಡಲು ಪ್ರಲಿನ್‌ನಿಂದ ಕೂಸಾಂ ದ್ವೀಪಕ್ಕೆ ಹೋಗಬಹುದು. ಬಾಡಿಗೆ ದೋಣಿ ದಡ ಮುಟ್ಟುವಂತಿಲ್ಲ. ನಡುನೀರಿನಲ್ಲಿ ದ್ವೀಪದ ಸ್ವಂತ ದೋಣಿಗೆ ಹತ್ತಿಸಿಕೊಳ್ಳುತ್ತಾರೆ, ಇಲಿ ಬಾರದಿರಲೆಂದು. ದಡದಲ್ಲಿ ಅಲೆಯೊಂದಿಗೆ ಮರಳಿಗೆ ನುಗ್ಗಿ ಇಳಿಸುವುದರಿಂದ ಮೊಣಕಾಲುನೋವಿನವರು ಮೊದಲೇ ಹೇಳಿ. ಕ್ಯಾಮೆರಾಕ್ಕೆ ನೀರು ತಾಗದ ಚೀಲ, ಮೈತುಂಬ ಬಟ್ಟೆ, ಸೊಳ್ಳೆಯ ಮುಲಾಮು ಇರಲಿ. ಅಲ್ಲಿ ಹಕ್ಕಿಯನ್ನು ಹುಡುಕಿಕೊಂಡು ಓಡಾಡಬೇಡಿ, ನೆರಳಿನಲ್ಲಿ ಸುಮ್ಮನೆ ನಿಂತರೆ ಅದೇ ಕಾಲಬಳಿ ಬರುತ್ತದೆ. ತಿನ್ನಲು ಏನೂ ಎಸೆಯಬೇಡಿ.

ಇನ್ನು ನಿಮ್ಮ ತೋಟ. ಅಡಿಕೆ ಬುಡಕ್ಕೆ ದರಕು, ಅಂದರೆ ಒಣ ತರಗೆಲೆ, ಹಾಕುವ ಮಲೆನಾಡಿನ ಪದ್ಧತಿ ಮಡಿವಾಳಕ್ಕೆ ಹೇಳಿಮಾಡಿಸಿದ್ದು. ಸೊಪ್ಪಿನಬೆಟ್ಟದಿಂದ ತರುವಾಗ ಬೆಟ್ಟದ ನೆಲವನ್ನು ಬೋಳಾಗುವಂತೆ ಗುಡಿಸದೆ ತೆಳುವಾಗಿ ಒಂದು ಹಾಸು ಬಿಟ್ಟು ಬನ್ನಿ. ಹಿತ್ತಲಲ್ಲಿ ಹಲಸು ಮಾವಿನ ಬುಡದ ತರಗನ್ನು ಸುಡುವ ಅಭ್ಯಾಸವಿದ್ದರೆ ನಿಲ್ಲಿಸಿ. ನಾಲ್ಕು ಬೆರಳು ದಪ್ಪ ಹಾಗೇ ಬಿದ್ದಿರಲಿ. ಮನೆಯ ಗೋಡೆಯಿಂದ ಹತ್ತಡಿ ಮಾತ್ರ ಗುಡಿಸಿಟ್ಟುಕೊಳ್ಳಿ, ಹಾವಿನ ಭಯಕ್ಕೆ ಅಷ್ಟು ಸಾಕು.

ಕಳೆನಾಶಕ ಹಕ್ಕಿಯನ್ನು ನೇರವಾಗಿ ಕೊಲ್ಲುವುದಕ್ಕಿಂತ ಅದರ ಊಟವನ್ನು ಕೊಲ್ಲುತ್ತದೆ: ಹಸಿರು ಹೊದಿಕೆ ಸತ್ತರೆ ಬಿಸಿಲು ನೆಲಕ್ಕೆ ಬಿದ್ದು ತೇವ ಆರುತ್ತದೆ, ಹುಳ ಕಡ್ಡಿ ಕಡಿಮೆಯಾಗುತ್ತವೆ. ಒಂದೂವರೆ ಎಕರೆಗೆ ಕಳೆ ಕೊಚ್ಚುವ ಯಂತ್ರ ಸಾಕು. ಪೂರ್ತಿ ನೆಲಮಟ್ಟಕ್ಕೆ ಹೆರೆಯದೆ ಮೂರು ನಾಲ್ಕು ಅಂಗುಲ ಬಿಟ್ಟು, ಒಂದು ಸಾಲು ಬಿಟ್ಟು ಒಂದು ಸಾಲು ಕೊಚ್ಚಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬಿಡಿ ಎಂದು ನಾನು ಹೇಳಲಾರೆ, ಬಿಟ್ಟರೆ ಫಸಲೇ ಇಲ್ಲ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣದ ಲೆಕ್ಕ ಮೀರಬೇಡಿ, ಹುಳಿ ಉಳಿದಿಲ್ಲವೆಂದು ಪರೀಕ್ಷೆ ಮಾಡಿ, ಮಿಕ್ಕಿದ್ದನ್ನು ತೋಟದ ಮೂಲೆಗೆ ಸುರಿಯಬೇಡಿ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ, ವರ್ಷವರ್ಷವೂ ಕೂಡುತ್ತ ಹೋಗಿ ಎರೆಹುಳಕ್ಕೆ ಕುತ್ತಾಗುತ್ತದೆ.

ಪಾಷಾಣದ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಇರುವ ಬ್ರೋಮಾಡಿಯೋಲೋನ್ ಫ್ರೆಗೇಟ್‌ನಲ್ಲಿ ಬಳಸಿದ ವಿಷದ ದಾಯಾದಿಯೇ. ವಿಷ ತಿಂದ ಇಲಿಯನ್ನು ತಿಂದ ಗೂಬೆ, ಕೇರೆಹಾವು ಸಾಯುತ್ತವೆ, ಆಮೇಲೆ ಇಲಿ ಇನ್ನೂ ಹೆಚ್ಚುತ್ತದೆ. ಮನೆ, ಅಟ್ಟ, ಕೊಟ್ಟಿಗೆಗೆ ಬಡಿಬೋನು ಇಡಿ. ಗೋಡೆಯಂಚಿಗೆ ಅಡ್ಡಲಾಗಿ, ಬೋನಿನ ಬಾಯಿ ಗೋಡೆಗೆ ತಾಗುವಂತೆ, ಕೊಬ್ಬರಿ ಚೂರು ಕಟ್ಟಿ ಇಟ್ಟರೆ ಬೀಳುತ್ತವೆ; ಮೊದಲ ಎರಡು ರಾತ್ರಿ ಬೋನು ಹೂಡದೆ ಬರೀ ತಿನ್ನಿಸಿ. ಅಡಿಕೆ ಹಿಂಗಾರಕ್ಕೆ ಇಲಿ ಹತ್ತುವುದಾದರೆ ಮರಕ್ಕೆ ನುಣುಪು ತಗಡು ಸುತ್ತುವುದು ಉಂಟು. ಬಿಲ್ಲೆ ಇಡಲೇಬೇಕಾದ ಸ್ಥಿತಿ ಬಂದರೆ ತೆರೆದ ನೆಲದಲ್ಲಿ ಇಡಬೇಡಿ, ಬಿಲದೊಳಗೆ ಹಾಕಿ ಮಣ್ಣು ಮುಚ್ಚಿ. ವಾರ ಕಾಲ ದಿನಾ ಬೆಳಿಗ್ಗೆ ಸತ್ತ ಇಲಿ ಹುಡುಕಿ ಎರಡಡಿ ಆಳಕ್ಕೆ ಹೂಳಿ.

ಹತ್ತು ಗೂಡುಪೆಟ್ಟಿಗೆ ಬೇಡ. ಮಡಿವಾಳದ ಗಂಡು ಬೇಸಿಗೆಯಲ್ಲಿ ತನ್ನ ಹದ್ದಿನೊಳಗೆ ಇನ್ನೊಂದು ಗಂಡನ್ನು ಬಿಡುವುದಿಲ್ಲ. ಹತ್ತಿರ ಹತ್ತಿರ ಕಟ್ಟಿದ ಪೆಟ್ಟಿಗೆಗೆ ಗೊರವಂಕವೋ ಅಳಿಲೋ ಸೇರುತ್ತದೆ. ಮನೆ ಬಳಿ ಒಂದು, ತೋಟದ ಆ ತುದಿಗೆ ಒಂದು ಸಾಕು. ಎರಡು ಸೆಂಟಿಮೀಟರ್ ದಪ್ಪದ ಹಲಗೆಯಲ್ಲಿ ಮಾಡಿಸಿ. ಪ್ಲೈವುಡ್ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಎದ್ದುಬಿಡುತ್ತದೆ. ಒಳಗಿನ ತಳ 13 ಸೆಂಟಿಮೀಟರ್ ಚೌಕ, ಎತ್ತರ 25, ತಳದಿಂದ 16ರ ಎತ್ತರದಲ್ಲಿ ನಾಲ್ಕೂವರೆ ಸೆಂಟಿಮೀಟರ್ ಅಗಲದ ಬಾಗಿಲು. ಇನ್ನೂ ದೊಡ್ಡದು ಮಾಡಿದರೆ ಗೊರವಂಕಕ್ಕೆ ದಾರಿ. ಬಾಗಿಲ ಮುಂದೆ ಕೂರುವ ಕಡ್ಡಿ ಬೇಡ, ಅದು ಬೇಕಾಗುವುದು ಕೆಂಬೂತಕ್ಕೆ. ಒಳಗೆ ಬಣ್ಣ, ವಾರ್ನಿಷ್ ಹಚ್ಚಬಾರದು. ಬಾಗಿಲ ಕೆಳಗೆ ಒಳಮೈಯನ್ನು ಉಳಿಯಿಂದ ಒರಟು ಮಾಡಿ, ಮರಿ ಹತ್ತಿ ಬರಲು ಹಿಡಿತ ಬೇಕು. ತಳಕ್ಕೆ ನಾಲ್ಕು ಸಣ್ಣ ತೂತು, ಮುಚ್ಚಳ ಎರಡಂಗುಲ ಮುಂದಕ್ಕೆ ಚಾಚಿರಲಿ. ಎಂಟರಿಂದ ಹತ್ತಡಿ ಎತ್ತರದಲ್ಲಿ, ಮಧ್ಯಾಹ್ನ ನೆರಳಿರುವ ಕಡೆ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರುವಂತೆ ಕಟ್ಟಿ. ನಮ್ಮ ಮಳೆ ಪಡುವಣದಿಂದ ಹೊಡೆಯುತ್ತದೆ. ಮರಕ್ಕೆ ಕಟ್ಟುವುದಾದರೆ ಕೆಳಗೆ ಒಂದೂವರೆ ಅಡಿ ಅಗಲದ ತಗಡು ಸುತ್ತಿ, ಬೆಕ್ಕು ಹತ್ತದಂತೆ. ಜನವರಿ ಮುಗಿಯುವುದರೊಳಗೆ ಕಟ್ಟಿರಬೇಕು. ಮೊಟ್ಟೆ ಇಟ್ಟ ಮೇಲೆ ದಿನಾ ಮುಚ್ಚಳ ತೆಗೆದು ನೋಡಿದರೆ ತಾಯಿ ಬಿಟ್ಟುಹೋದೀತು. ಮರಿ ಹಾರಿ ಗೂಡು ಖಾಲಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಗೂಡು ತೆಗೆದು ಬಿಸಿಲಿಗೆ ಇಡಿ. ಎರಡು ಬೇಸಿಗೆ ಕಳೆದರೂ ಹಕ್ಕಿ ಸೇರದಿದ್ದರೆ ಜಾಗ ಬದಲಿಸಿ.

ಬಚ್ಚಲ ಗೋಡೆಯ ತೂತನ್ನು ಮಾತ್ರ ಪೆಟ್ಟಿಗೆ ಬಂತೆಂದು ಮುಚ್ಚಬೇಡಿ. ಗೆದ್ದ ಗೂಡಿಗಿಂತ ಒಳ್ಳೆಯ ಪೆಟ್ಟಿಗೆ ಯಾವ ಬಡಗಿಯೂ ಮಾಡಿಕೊಡಲಾರ. ಗೋಡೆಗೆ ಗಿಲಾವು ಮಾಡಿಸುವ ಯೋಚನೆ ಇದ್ದರೆ ದೀಪಾವಳಿ ಕಳೆದ ಮೇಲೆ ಮಾಡಿಸಿ, ತೂತಿನ ಸುತ್ತ ಒಂದು ಗೇಣು ಬಿಡಲು ಗಾರೆಯವರಿಗೆ ಮೊದಲೇ ಹೇಳಿಡಿ.